ದೇಹಕ್ಕೂ ಭರವಸೆ: ಪುನರುತ್ಥಾನ ತತ್ತ್ವದ ಪರಿಚಯ

ಪುನರುತ್ಥಾನವು ಕ್ರೈಸ್ತ ನಂಬಿಕೆಯ ಮೂಲ ತತ್ತ್ವ. ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ತೀರ್ಪಿನಂತೆ ಶಿಲುಬೆಯ ಮೇಲೆ ಸತ್ತು ಸಮಾಧಿಯಾದ ಯೇಸುವನ್ನು ದೇವರು ಮೂರನೆಯ ದಿನ ಎಬ್ಬಿಸಿದರು, ಇನ್ನೆಂದೂ ಸಾವಿಗೆ ಒಳಗಾಗದ ಬದುಕನ್ನು ಅವರಿಗೆ ಕೊಟ್ಟರು ಎಂಬುದು ಇದರ ತಿರುಳು. ಇದನ್ನು ಕೊಂಡಾಡುವ ಹಬ್ಬವೇ ಈಸ್ಟರ್. ಕಥೋಲಿಕರಲ್ಲಿ ಪಾಸ್ಕ ಹಬ್ಬ ಎಂಬ ಹೆಸರೂ ಬಳಕೆಯಲ್ಲಿದೆ. ಸಡಗರ ಹೆಚ್ಚಾಗಿ ಕಾಣುವುದು ಕ್ರಿಸ್‌ಮಸ್‌ನಲ್ಲಾದರೂ ಧರ್ಮಸಭೆಯ ಪಂಚಾಂಗದಲ್ಲಿ ಮೊದಲ ಸ್ಥಾನ ಈಸ್ಟರಿಗೆ. ಮಾರ್ಚ್ 21ರ ವಸಂತ ವಿಷುವದಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಅದರ ದಿನ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ, ಫಾಲ್ಗುಣ ಇಲ್ಲವೇ ಚೈತ್ರ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ.

ಸತ್ತ ಒಬ್ಬರಿಗೆ ಎಂದೋ ಏನೋ ಆಯಿತು ಎಂಬಷ್ಟಕ್ಕೆ ಈ ನಂಬಿಕೆ ನಿಲ್ಲುವುದಿಲ್ಲ. ಮನುಷ್ಯನ ದೇಹ, ಅವನು ಪಟ್ಟ ನೋವು, ಅವನು ಬಾಳಿದ ಈ ಲೋಕ ದೇವರ ಕಣ್ಣಿನಲ್ಲಿ ಎಂಥವು ಎಂಬ ಪ್ರಶ್ನೆಗೆ ಪುನರುತ್ಥಾನ ಒಂದು ಉತ್ತರ. ಇಂದಿನ ಕ್ರೈಸ್ತ ಬದುಕಿಗೆ ಅದರ ಅರ್ಥ ಸಿಗುವುದೂ ಈ ಉತ್ತರದಲ್ಲೇ.

ಯಾವುದು ಪುನರುತ್ಥಾನವಲ್ಲ

ಈ ತತ್ತ್ವವನ್ನು ಅದರ ಅಕ್ಕಪಕ್ಕದ ಮೂರು ವಿಚಾರಗಳಿಂದ ಬಿಡಿಸಿ ನೋಡಬೇಕು. ಮೊದಲನೆಯದು, ಸತ್ತವರು ಮರಳಿ ಬದುಕುವುದು. ಯೋಹಾನನ ಸುವಾರ್ತೆಯಲ್ಲಿ ಬೇಥಾನ್ಯದ ಲಾಜರ ಸಮಾಧಿಯಿಂದ ಹೊರಬರುತ್ತಾನೆ. ಆದರೆ ಅವನು ಮರಳುವುದು ಹಳೆಯ ಬದುಕಿಗೇ. ಮುಂದೆ ಅವನಿಗೆ ಮತ್ತೆ ಸಾವು ಇದ್ದೇ ಇದೆ. ಯೇಸುವಿನ ವಿಷಯದಲ್ಲಿ ಹೇಳುವುದು ಹೀಗೆ ಹಿಂದಿರುಗಿದ ಮಾತನ್ನಲ್ಲ, ಸಾವನ್ನು ದಾಟಿ ಮುಂದೆ ಹೋದ ಮಾತನ್ನು.

ಎರಡನೆಯದು, ಆತ್ಮದ ಅಮರತ್ವ. ದೇಹ ಸೆರೆಮನೆ, ಸಾವು ಬಿಡುಗಡೆ ಎಂಬ ವಿಚಾರ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋನ ಸಂವಾದಗಳಲ್ಲಿ ಬರುತ್ತದೆ. ಕ್ರೈಸ್ತರಲ್ಲೂ ಅನೇಕರು ಪುನರುತ್ಥಾನವನ್ನು ಹೀಗೆಯೇ ಅರ್ಥ ಮಾಡಿಕೊಂಡಿರುವುದುಂಟು. ದೇವಶಾಸ್ತ್ರಜ್ಞ ಆಸ್ಕರ್ ಕುಲ್‌ಮನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಈ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಬೈಬಲ್ಲಿನ ದೃಷ್ಟಿಯಲ್ಲಿ ಸಾವು ಸ್ನೇಹಿತನಲ್ಲ, ಶತ್ರು. ದೇಹ ಸೆರೆಮನೆಯಲ್ಲ, ದೇವರ ಸೃಷ್ಟಿ. ಅಥೆನ್ಸಿನ ಅರಿಯೊಪಾಗವೆಂಬ ಸಭಾಸ್ಥಳದಲ್ಲಿ ಪ್ರೇಷಿತ ಪೌಲ ಮಾತನಾಡಿದಾಗ ಕೇಳುಗರಲ್ಲಿ ಕೆಲವರು ನಕ್ಕದ್ದು ಸತ್ತವರು ಏಳುತ್ತಾರೆಂಬ ಮಾತಿಗೆ. ದೇಹವನ್ನೇ ಉಳಿಸಿಕೊಳ್ಳುವ ಭರವಸೆ ಅವರಿಗೆ ವಿಚಿತ್ರವಾಗಿ ಕಂಡಿತು.

ಮೂರನೆಯದು, ಪುನರ್ಜನ್ಮ. ಭಾರತದ ಓದುಗರಿಗೆ ಈ ವ್ಯತ್ಯಾಸವೇ ಮುಖ್ಯ. ಪುನರ್ಜನ್ಮದ ಚಿಂತನೆಯಲ್ಲಿ ಜೀವ ಕರ್ಮಾನುಸಾರ ದೇಹದಿಂದ ದೇಹಕ್ಕೆ ಸಾಗುತ್ತದೆ. ಆ ಚಕ್ರದಿಂದ ಪಾರಾಗುವುದು ಮೋಕ್ಷ. ಕ್ರೈಸ್ತ ಚಿಂತನೆಯಲ್ಲಿ ಒಬ್ಬ ವ್ಯಕ್ತಿಗೆ ಒಂದೇ ಬಾಳು. ಆ ಬಾಳು, ಅದರ ಹೆಸರು, ಅದರ ನಂಟು, ಅದರ ಗಾಯಗಳ ಸಮೇತ ದೇವರಲ್ಲಿ ಪೂರ್ಣಗೊಳ್ಳುತ್ತದೆ. ಒಂದು ದಾರಿ ಬಿಡುಗಡೆಯನ್ನು ಅರಸಿದರೆ ಇನ್ನೊಂದು ಪೂರ್ಣತೆಯನ್ನು ಅರಸುತ್ತದೆ. ಎರಡಕ್ಕೂ ತಮ್ಮದೇ ಗಾಂಭೀರ್ಯವಿದೆ; ಒಂದರ ಮಾತಿನಲ್ಲಿ ಇನ್ನೊಂದನ್ನು ಹೇಳಹೊರಟರೆ ಎರಡೂ ಮಸುಕಾಗುತ್ತವೆ.

ಸಾಕ್ಷಿಗಳು ಹೇಳುವುದೇನು

ಪುನರುತ್ಥಾನದ ಬಗ್ಗೆ ಉಳಿದಿರುವ ಅತ್ಯಂತ ಹಳೆಯ ಬರಹಗಳಲ್ಲಿ ಮುಖ್ಯವಾದದ್ದು, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯ. ಪತ್ರದ ಕಾಲ ಸುಮಾರು ಕ್ರಿ.ಶ. 53–55. ಅಲ್ಲಿ ಪೌಲನು ತನಗೆ ಮುಂಚಿನವರಿಂದ ಬಂದದ್ದೆಂದು ಹೇಳಿ ಒಂದು ಪಟ್ಟಿ ಕೊಡುತ್ತಾನೆ: ಎದ್ದ ಕ್ರಿಸ್ತರು ಪೇತ್ರನಿಗೆ, ಹನ್ನೆರಡು ಮಂದಿಗೆ, ಒಮ್ಮೆಗೇ ಐನೂರಕ್ಕೂ ಹೆಚ್ಚು ಜನರಿಗೆ, ಯಾಕೋಬನಿಗೆ, ಕೊನೆಗೆ ತನಗೆ ಕಾಣಿಸಿಕೊಂಡರು ಎಂದು. ಕೊರಿಂಥದ ಸಭೆಯಲ್ಲಿ ಕೆಲವರು ಸತ್ತವರಿಗೆ ಪುನರುತ್ಥಾನವಿಲ್ಲ ಎನ್ನುತ್ತಿದ್ದರು. ಪೌಲನ ಉತ್ತರ ನೇರವಾದದ್ದು: ಹಾಗಾದರೆ ಕ್ರಿಸ್ತರೂ ಎದ್ದಿಲ್ಲ, ಸಾರಿದ್ದೂ ನಂಬಿದ್ದೂ ಎರಡೂ ವ್ಯರ್ಥ. ಇಡೀ ನಂಬಿಕೆಯನ್ನು ಆತ ಈ ಒಂದೇ ಕಂಬದ ಮೇಲೆ ನಿಲ್ಲಿಸುತ್ತಾನೆ.

ನಾಲ್ಕು ಸುವಾರ್ತೆಗಳು ಬರಿದಾದ ಸಮಾಧಿಯನ್ನು ವರ್ಣಿಸುತ್ತವೆ. ವಿವರಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ: ಹೋದ ಹೆಂಗಸರೆಷ್ಟು, ಅಲ್ಲಿ ಕಂಡವರಾರು ಎಂಬುದರಲ್ಲಿ ವ್ಯತ್ಯಾಸಗಳಿವೆ. ಮಾರ್ಕನ ಸುವಾರ್ತೆಯ ಅತಿ ಪ್ರಾಚೀನ ಹಸ್ತಪ್ರತಿಗಳು ಹೆಂಗಸರು ಹೆದರಿ ಓಡಿಹೋದ ಕಡೆಗೇ ಮುಗಿಯುತ್ತವೆ. ಆದರೆ ಒಂದು ಮಾತಿನಲ್ಲಿ ನಾಲ್ಕೂ ಒಂದಾಗಿವೆ: ಸುದ್ದಿಯನ್ನು ಮೊದಲು ತಿಳಿದವರು ಹೆಂಗಸರು, ಅವರಲ್ಲಿ ಮಗ್ದಲದ ಮರಿಯಳು ಮುಖ್ಯಳು. ಹೆಂಗಸಿನ ಸಾಕ್ಷ್ಯಕ್ಕೆ ಅಷ್ಟಾಗಿ ಬೆಲೆಯಿಲ್ಲದ ಕಾಲವದು. ಜನರನ್ನು ಒಪ್ಪಿಸಲೆಂದೇ ಕಟ್ಟಿದ ಕಥೆಯಾಗಿದ್ದರೆ ಇಂಥ ಸಾಕ್ಷಿಗಳನ್ನು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ.

ಎದ್ದ ಯೇಸುವಿನ ಚಿತ್ರವೂ ಗಮನಾರ್ಹ. ಮರಿಯಳು ಅವರನ್ನು ತೋಟಗಾರನೆಂದು ಭಾವಿಸುತ್ತಾಳೆ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಜೊತೆಯಲ್ಲಿ ನಡೆದರೂ ಗುರುತಿಸುವುದಿಲ್ಲ. ರೊಟ್ಟಿ ಮುರಿದಾಗ ಗುರುತು ಹತ್ತುತ್ತದೆ. ಅವರು ಬೇಯಿಸಿದ ಮೀನು ತಿನ್ನುತ್ತಾರೆ. ಬಾಗಿಲು ಮುಚ್ಚಿದ್ದರೂ ಒಳಗೆ ಬಂದು ನಿಲ್ಲುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಕೈಗಳಲ್ಲಿ ಮೊಳೆಯ ಗುರುತು, ಪಕ್ಕೆಯಲ್ಲಿ ಈಟಿಯ ಗಾಯ ಹಾಗೆಯೇ ಇವೆ. ಸಂಶಯಪಟ್ಟ ಶಿಷ್ಯ ತೋಮನಿಗೆ ಮುಟ್ಟಿ ನೋಡಲು ಹೇಳುವುದು ಆ ಗಾಯಗಳನ್ನೇ. ಹೊಸ ಬದುಕು ಹಳೆಯ ನೋವನ್ನು ಅಳಿಸಿಹಾಕಲಿಲ್ಲ. ಅದನ್ನು ಜೊತೆಗೆ ಒಯ್ದಿತು.

ಹೀಗೆ ಅದೇ ಆಗಿದ್ದೂ ಬೇರೆಯಾದ ದೇಹವನ್ನು ವಿವರಿಸಲು ಪೌಲನು ಬಿತ್ತನೆಯ ಮಾತನ್ನು ತರುತ್ತಾನೆ. ಗೌರಿಬಿದನೂರು, ನಗರಗೆರೆ ಕಡೆಯ ಬಯಲುಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣ್ಣಿಗೆ ಬೀಳುವುದು ಸಾಸಿವೆಗಾತ್ರದ ರಾಗಿ ಕಾಳು. ಏಳುವುದು ತೆನೆ ಹೊತ್ತ ಪೈರು. ಪೈರು ಕಾಳಿನಂತಿಲ್ಲ, ಆದರೆ ಆ ಕಾಳಿಲ್ಲದೆ ಆ ಪೈರೂ ಇಲ್ಲ. ಹೋಲಿಕೆಗೆ ಒಂದು ಮಿತಿಯುಂಟು. ಬೀಜ ಮೊಳೆಯುವುದು ನಿಸರ್ಗದ ನಿಯಮ. ಪುನರುತ್ಥಾನವನ್ನು ಕ್ರೈಸ್ತರು ನಿಸರ್ಗದ ಕೆಲಸವೆನ್ನದೆ ದೇವರ ಕೊಡುಗೆ ಎಂದು ನಂಬುತ್ತಾರೆ.

ತತ್ತ್ವದ ಮೂರು ಅರ್ಥಗಳು

ಮೊದಲನೆಯದಾಗಿ, ಪುನರುತ್ಥಾನ ಒಂದು ತೀರ್ಪು. ಲೋಕದ ನ್ಯಾಯಸ್ಥಾನ ಯೇಸುವನ್ನು ಅಪರಾಧಿಯೆಂದು ಕೊಂದಿತು. ದೇವರು ಅವರನ್ನು ಎಬ್ಬಿಸಿದ್ದರಿಂದ ಆ ತೀರ್ಪು ಬಿದ್ದುಹೋಯಿತು. ಅಧಿಕಾರದಲ್ಲಿರುವವರು ಹೇಳಿದ್ದೇ ಕೊನೆಯ ಮಾತಲ್ಲ, ಅನ್ಯಾಯವಾಗಿ ಸತ್ತವರ ಕಡತ ದೇವರ ಮುಂದೆ ಮುಚ್ಚುವುದಿಲ್ಲ ಎಂಬ ವಿಶ್ವಾಸ ಇಲ್ಲಿಂದ ಬರುತ್ತದೆ. ಯೆಹೂದ್ಯರಲ್ಲಿ ಪುನರುತ್ಥಾನದ ನಿರೀಕ್ಷೆ ಬಲವಾಗಿ ಬೇರೂರಿದ್ದೂ ಧರ್ಮಕ್ಕಾಗಿ ಪ್ರಾಣ ತೆತ್ತವರಿಗೆ ನ್ಯಾಯವೆಲ್ಲಿ ಎಂಬ ಪ್ರಶ್ನೆಯ ನಡುವೆಯೇ. ದಾನಿಯೇಲನ ಗ್ರಂಥದ 12ನೆಯ ಅಧ್ಯಾಯ ಇದಕ್ಕೆ ಸಾಕ್ಷಿ.

ಎರಡನೆಯದಾಗಿ, ಅದು ಸಾವಿನ ಕುರಿತ ಮಾತು. ಪೌಲನು ಕ್ರಿಸ್ತರನ್ನು ಸುಗ್ಗಿಯ ಪ್ರಥಮ ಫಲವೆಂದು ಕರೆಯುತ್ತಾನೆ. ಮೊದಲ ಸಿವುಡು ಬಂದರೆ ಹಿಂದೆ ಇಡೀ ಬೆಳೆ ಬರುವುದೆಂದು ಅರ್ಥ. ಒಬ್ಬರಿಗೆ ಆದದ್ದು ಎಲ್ಲರಿಗೂ ಇರುವ ಭರವಸೆ. ಪ್ರೀತಿಪಾತ್ರರನ್ನು ಕಳೆದುಕೊಂಡ ಕ್ರೈಸ್ತರು ಅಳುತ್ತಾರೆ, ಅಳಬೇಕು. ಲಾಜರನ ಸಮಾಧಿಯ ಬಳಿ ಯೇಸುವೂ ಅತ್ತರು. ಆದರೆ ಆ ಅಳುವಿನಲ್ಲಿ ನಿರೀಕ್ಷೆಯೂ ಸೇರಿರುತ್ತದೆ.

ಮೂರನೆಯದಾಗಿ, ಅದು ಸೃಷ್ಟಿಯ ಕುರಿತ ಮಾತು. ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಇಡೀ ಸೃಷ್ಟಿಯೇ ಬಿಡುಗಡೆಗಾಗಿ ಪ್ರಸವವೇದನೆಯಲ್ಲಿ ನರಳುತ್ತಿದೆ. ಹಾಗಾಗಿ ನಂಬಿಕೆಯ ಗುರಿ ಭೂಮಿಯನ್ನು ಬಿಟ್ಟೋಡುವುದಲ್ಲ, ಭೂಮಿ ನವೀಕರಣಗೊಳ್ಳುವುದು. ಜರ್ಮನಿಯ ದೇವಶಾಸ್ತ್ರಜ್ಞ ಯೂರ್ಗನ್ ಮೋಲ್ಟ್‌ಮನ್ 1964ರಲ್ಲಿ ಪ್ರಕಟಿಸಿದ ‘ನಿರೀಕ್ಷೆಯ ದೇವಶಾಸ್ತ್ರ’ ಎಂಬ ಗ್ರಂಥದಲ್ಲಿ ಇದನ್ನೇ ಒತ್ತಿಹೇಳಿದರು: ಪುನರುತ್ಥಾನವನ್ನು ನಂಬುವವರು ಲೋಕ ಇರುವಂತೆಯೇ ಇರಲಿ ಎಂದು ಸುಮ್ಮನಿರಲಾರರು.

ಆಧುನಿಕ ಕಾಲದ ಪ್ರಶ್ನೆಗಳು

1748ರಲ್ಲಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ: ಎಲ್ಲರ ಅನುಭವಕ್ಕೂ ವಿರುದ್ಧವಾದ ಪವಾಡವನ್ನು ಕೆಲವರ ಸಾಕ್ಷ್ಯದ ಮೇಲೆ ನಂಬುವುದು ಹೇಗೆ? ಕ್ರೈಸ್ತ ಚಿಂತಕರ ಉತ್ತರ ಒಂದೇ ಬಗೆಯದಲ್ಲ. 1941ರಲ್ಲಿ ರುಡಾಲ್ಫ್ ಬುಲ್ಟ್‌ಮನ್, ಬೈಬಲ್ಲಿನ ಮಾತುಗಳನ್ನು ಅವುಗಳ ಪೌರಾಣಿಕ ಲೋಕಚಿತ್ರದಿಂದ ಬಿಡಿಸಿ ಇಂದಿನ ಮನುಷ್ಯನ ಬದುಕಿಗೆ ಅರ್ಥೈಸಬೇಕೆಂದರು. ಅವರ ದೃಷ್ಟಿಯಲ್ಲಿ ಈಸ್ಟರ್ ಎಂದರೆ ಶಿಷ್ಯರಲ್ಲಿ ಹುಟ್ಟಿದ ನಂಬಿಕೆ. ಎನ್. ಟಿ. ರೈಟ್ ಅವರು 2003ರ ತಮ್ಮ ಬೃಹತ್ ಗ್ರಂಥದಲ್ಲಿ, ಬರಿದಾದ ಸಮಾಧಿ ಮತ್ತು ದರ್ಶನಗಳು ಎರಡೂ ನಿಜವಾಗಿ ಆಗದಿದ್ದರೆ ಆದಿ ಸಭೆ ಹುಟ್ಟಿದ್ದನ್ನು ವಿವರಿಸಲಾಗದು ಎಂದು ವಾದಿಸಿದರು. ಒಂದು ವಿಷಯ ಮಾತ್ರ ಇತಿಹಾಸಕಾರರಲ್ಲಿ ಹೆಚ್ಚಿನವರಿಗೆ ಒಪ್ಪಿಗೆ: ಗುರುವಿನ ಸಾವಿನಿಂದ ಕಂಗೆಟ್ಟಿದ್ದ ಶಿಷ್ಯರು ಅಲ್ಪಕಾಲದಲ್ಲೇ ಗುರು ಎದ್ದಿದ್ದಾರೆಂದು ಸಾರತೊಡಗಿದರು. ಅದರಾಚೆಗಿನದು ಸಾಕ್ಷ್ಯದ ತೂಕದ ಜೊತೆಗೆ ವಿಶ್ವಾಸವನ್ನೂ ಬೇಡುತ್ತದೆ.

ಆಚರಣೆ ಮತ್ತು ಬದುಕು

ಚಿಕ್ಕಬಳ್ಳಾಪುರ ಜಿಲ್ಲೆಯ ಕಥೋಲಿಕ ಧರ್ಮಕೇಂದ್ರಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದವು. ಅಲ್ಲಿ ಈಸ್ಟರ್ ಆರಂಭವಾಗುವುದು ಶನಿವಾರ ರಾತ್ರಿಯ ಪಾಸ್ಕ ಜಾಗರಣೆಯಿಂದ. ದೀಪಗಳನ್ನೆಲ್ಲ ಆರಿಸಿ, ದೇವಾಲಯದ ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ. ದೊಡ್ಡ ಪಾಸ್ಕ ಮೇಣದ ಬತ್ತಿಯ ಮೇಲೆ ಧರ್ಮಗುರುಗಳು ಶಿಲುಬೆಯನ್ನೂ, ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳನ್ನೂ, ಆ ವರ್ಷದ ನಾಲ್ಕು ಅಂಕಿಗಳನ್ನೂ ಗೀರಿ, ಐದು ಗಾಯಗಳ ಗುರುತಾಗಿ ಐದು ಧೂಪದ ಹರಳುಗಳನ್ನು ಸಿಕ್ಕಿಸುತ್ತಾರೆ. ಬತ್ತಿಯ ಮೇಲೆ ಪ್ರತಿ ವರ್ಷ ಹೊಸ ಇಸವಿ ಬರೆಯುವುದರಲ್ಲಿ ತತ್ತ್ವವೇ ಅಡಗಿದೆ: ಎದ್ದ ಕ್ರಿಸ್ತರು ಈ ವರ್ಷಕ್ಕೂ ಒಡೆಯರು. ಆ ಒಂದು ಬತ್ತಿಯಿಂದ ಜನರ ಕೈಯ ಬತ್ತಿಗಳಿಗೆ ಬೆಳಕು ಹರಡುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಲವೆಡೆ ಭಾನುವಾರ ಸೂರ್ಯೋದಯದ ಆರಾಧನೆ ನಡೆಯುತ್ತದೆ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯವರು ಬೆಳಗಿನ ಜಾವ ಸಮಾಧಿ ಸ್ಥಳದಲ್ಲಿ ಸೇರಿದ್ದು ಈ ಪದ್ಧತಿಗೆ ಹೆಸರಾದ ಮಾದರಿ.

ಶವವನ್ನು ಹೂಳುವ ರೂಢಿಯ ಹಿಂದೆಯೂ ಇದೇ ನಂಬಿಕೆಯಿದೆ. ಬಾಳಿದ ದೇಹವನ್ನು ಗೌರವದಿಂದ ಮಣ್ಣಿಗೆ ಒಪ್ಪಿಸುವುದು ನಿರೀಕ್ಷೆಯ ಗುರುತು. ಹಾಗೆಂದು ಹೂಳಿದರಷ್ಟೇ ಪುನರುತ್ಥಾನ ಎಂದೇನೂ ಇಲ್ಲ. ಕಥೋಲಿಕ ಧರ್ಮಸಭೆ 1963ರಲ್ಲಿ ದಹನಕ್ಕೂ ಅನುಮತಿ ಕೊಟ್ಟಿತು. 2016ರ ಸೂಚನೆಯಲ್ಲಿ ಚಿತಾಭಸ್ಮವನ್ನು ಚದುರಿಸದೆ ಪವಿತ್ರ ಸ್ಥಳದಲ್ಲಿಡಬೇಕೆಂದು ಹೇಳಿತು.

ಸತ್ತ ದೇಹಕ್ಕೆ ಇಷ್ಟು ಗೌರವವಿದ್ದ ಮೇಲೆ ಬದುಕಿರುವ ದೇಹಕ್ಕೆ ಎಷ್ಟಿರಬೇಕು? ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಕಾಲದಲ್ಲಿ ತೊಡಗಿದ ಆಸ್ಪತ್ರೆ, 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯ ಸಿ.ಎಸ್.ಐ. ಆಸ್ಪತ್ರೆಯಾಗಿ ಮುಂದುವರಿಯಿತು. ಆತ್ಮವೊಂದೇ ಉಳಿಯುವುದು, ದೇಹ ಬರೀ ಹೊರಗಿನ ಹೊದಿಕೆ ಎಂದು ಭಾವಿಸುವ ಧರ್ಮಕ್ಕೆ ಆಸ್ಪತ್ರೆ ಒಂದು ಪಕ್ಕದ ಕೆಲಸವಾದೀತು. ದೇಹವೂ ದೇವರ ಭರವಸೆಯೊಳಗಿದೆ ಎಂದು ನಂಬುವ ಧರ್ಮಕ್ಕೆ ಜ್ವರ ಬಂದ ಮಗುವಿನ ಆರೈಕೆ, ಬಾಣಂತಿಯ ಶುಶ್ರೂಷೆ ಆ ನಂಬಿಕೆಯದೇ ಕೆಲಸ.

ಜಾತಿಯ ಪ್ರಶ್ನೆಯಲ್ಲಿ ಈ ತತ್ತ್ವ ಇನ್ನಷ್ಟು ಹರಿತವಾಗುತ್ತದೆ. ಅಸ್ಪೃಶ್ಯತೆ ದೇಹದ ಮೇಲೆಯೇ ಹೊರಿಸಿದ ತೀರ್ಪು: ಯಾರನ್ನು ಮುಟ್ಟಬಹುದು, ಯಾರ ಜೊತೆ ಉಣ್ಣಬಹುದು ಎಂಬುದನ್ನು ಅದು ನಿರ್ಧರಿಸುತ್ತದೆ. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣ ಭಾರತದ ದಲಿತ ದೇವಶಾಸ್ತ್ರಕ್ಕೆ ನಾಂದಿಯೆನಿಸಿತು. ಆ ಪರಂಪರೆಯ ಬೆಳಕಿನಲ್ಲಿ ನೋಡಿದರೆ, ತಿರಸ್ಕೃತರಾಗಿ ಊರ ಹೊರಗೆ ಸತ್ತ ಯೇಸುವನ್ನೇ ದೇವರು ಎಬ್ಬಿಸಿದ್ದು ತಿರಸ್ಕೃತರೆಲ್ಲರ ಪರವಾದ ತೀರ್ಪು. ಎದ್ದ ಮೇಲೆ ಯೇಸು ಮಾಡಿದ್ದೂ ಜೊತೆಗೆ ಕೂತು ಉಣ್ಣುವುದನ್ನು, ಗಾಯವನ್ನು ಮುಟ್ಟಲು ಕೊಡುವುದನ್ನು. ಸಭೆಯೊಳಗೇ ಜಾತಿಭೇದ ಉಳಿದಿರುವ ಕಡೆ ಈಸ್ಟರ್ ಮೊದಲು ಪ್ರಶ್ನಿಸುವುದು ಆ ಸಭೆಯನ್ನೇ.

ಈಸ್ಟರ್ ಒಂದು ದಿನಕ್ಕೆ ಮುಗಿಯುವುದಿಲ್ಲ. ಪಾಸ್ಕ ಕಾಲ ಪಂಚಾಶತ್ತಮ ಹಬ್ಬದವರೆಗೆ ಐವತ್ತು ದಿನ ನಡೆಯುತ್ತದೆ. ಕ್ರೈಸ್ತರು ಭಾನುವಾರ ಆರಾಧನೆಗೆ ಸೇರುವುದೂ ಅದು ಯೇಸು ಎದ್ದ ದಿನವೆಂಬ ಕಾರಣಕ್ಕೆ. ಆ ಲೆಕ್ಕದಲ್ಲಿ ಪ್ರತಿ ವಾರವೂ ಒಂದು ಸಣ್ಣ ಈಸ್ಟರ್ ಇದೆ. ಪ್ರೇಷಿತರ ವಿಶ್ವಾಸಸೂತ್ರವು ದೇಹದ ಪುನರುತ್ಥಾನವನ್ನು ಹೆಸರಿಸಿಯೇ ಒಪ್ಪಿಕೊಳ್ಳುತ್ತದೆ. ಅದನ್ನು ಬಾಯಲ್ಲಿ ಹೇಳುವವರು ರೋಗಿ, ಹಸಿದವರು, ಅವಮಾನಿತರು ಎಂಬ ಮೂವರ ದೇಹವನ್ನು ಹೇಗೆ ಕಾಣುತ್ತಾರೆ ಎಂಬುದರಲ್ಲೇ ಆ ನಂಬಿಕೆಯ ಇಂದಿನ ಅರ್ಥ ತಿಳಿಯುತ್ತದೆ.