ಶಾಲೆಗೆ ಕೊಡತಕ್ಕದ್ದೇನು?

ದಾನ ಮಾಡುವವನು ತನಗೆ ತೋರಿದ್ದನ್ನು ಕೊಡಬೇಕೋ, ಪಡೆಯುವವನಿಗೆ ಬೇಕಾದುದನ್ನೋ? ಈ ಪ್ರಶ್ನೆಯು ನಮ್ಮ ಬೀದಿಯ ಸರಕಾರೀ ಪ್ರಾಥಮಿಕ ಶಾಲೆಯಲ್ಲಿಯೇ ನಮಗೆ ಎದುರಾಯಿತು. ಆರಾಧನೆಯ ಮರುದಿನ ನಾವು ಕೆಲವರು ಅಲ್ಲಿ ನೋಟು ಪುಸ್ತಕಗಳನ್ನು ಹಂಚಿ, ಹಾರ ಹಾಕಿಸಿಕೊಂಡು, ಭಾವಚಿತ್ರ ತೆಗೆಸಿಕೊಂಡೆವು. ಹೊರಡುವಾಗ ಮುಖ್ಯೋಪಾಧ್ಯಾಯಿನಿಯವರು ಮೆಲ್ಲನೆ, "ಹೋದ ವರ್ಷದ ಪುಸ್ತಕಗಳೇ ಉಳಿದಿವೆ, ಮೂರನೆಯ ತರಗತಿಯ ಮಕ್ಕಳು ಓದುವುದನ್ನು ಕುಳಿತು ಕೇಳುವವರಿಲ್ಲ" ಎಂದರು. ನಮಗೆ ನಾಚಿಕೆಯಾಯಿತು.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರೀ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಅಲ್ಲಿನ ಮಕ್ಕಳ ಪಾಲಕರೇ ಆಗಿರತಕ್ಕದ್ದು; ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರು. ನಮ್ಮ ಮಕ್ಕಳೋ ಬಸ್ಸಿನಲ್ಲಿ ಬೇರೆ ಶಾಲೆಗೆ ಹೋಗುವರು. (ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.) ಹೀಗಿರಲು ಅಲ್ಲಿ ಹಿರಿತನ ವಹಿಸುವ ಅಧಿಕಾರ ನಮಗಿಲ್ಲ, ಕೇಳಿ ತಿಳಿದು ಮಾಡುವ ಅವಕಾಶವುಂಟು. ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ಹೇಳುತ್ತದೆ. ಕಾಲವೆಂದರೆ ಪರ್ವಕಾಲವೊಂದೇ ಎಂದು ನಾವು ತಿಳಿದಿದ್ದೆವು. ಓದಲು ತಡವರಿಸುವ ಮಗುವಿಗೆ ಪ್ರತಿ ವಾರವೂ ಕಾಲವೇ ಅಲ್ಲವೇ?

ಈಗ ನಿವೃತ್ತರಾದ ಹಿರಿಯರಿಬ್ಬರೂ ನಾವೂ ಶನಿವಾರ ಬೆಳಿಗ್ಗೆ ಒಂದು ಗಂಟೆ ಹೋಗಿ ಕುಳಿತುಕೊಳ್ಳುತ್ತಿದ್ದೇವೆ. ಒಬ್ಬ ಹುಡುಗಿ 'ಳ'ಕಾರವನ್ನು ಇನ್ನೂ 'ಲ' ಎಂದೇ ಓದುತ್ತಾಳೆ.