ತಿಳಿಯದೆ ಕಳಚಿದುದರ ಹೊಣೆ

ನಮ್ಮ ಮನೆಯ ಬಚ್ಚಲಿನ ಸವೆದ ಶಹಾಬಾದಿ ಫರಸಿಯನ್ನು ಕೀಳಿಸಿ ಹೊಸತನ್ನು ಹಾಕಿಸಿದೆವು. ಆಗ ಮೂಲೆಯ ಮೋರಿಯಿಂದ ಎರಕದ ಕಬ್ಬಿಣದ ಪಾತ್ರೆಯೊಂದು ಹೊರಬಂದಿತು. ಸೊಲ್ಲಾಪುರದ ಗವಂಡಿಗಳು ಇದನ್ನು 'ನಹಾನಿ ಟ್ರ್ಯಾಪ್' ಎನ್ನುತ್ತಾರೆ. ಅದರ ಜಾಲರಿಯ ಕೆಳಗೆ ಗಂಟೆಯಾಕಾರದ ಬಟ್ಟಲೊಂದು ಬೋರಲಾಗಿತ್ತು. ಅದರ ಕೆಲಸವೇನೆಂದು ನಾವು ಅರಿಯೆವು. ನೀರಿನ ಓಟಕ್ಕೆ ಅಡ್ಡಿಯೆಂದೇ ತೋರಿತು. "ಇದನ್ನು ಬಿಟ್ಟು ಕೂಡಿಸಪ್ಪಾ" ಎಂದೆವು. ಗವಂಡಿಯು ತುಸು ತಡೆದು, "ಹಾಕೂದು ಚಲೋ ರೀ ಮಾಸ್ತರ" ಎಂದನು. ಬಳಿಕ ಹೇಳಿದಂತೆ ಮಾಡಿದನು.

ನೀರು ಸರಾಗವಾಗಿ ಹರಿಯಿತು, ನಾವು ಹಿಗ್ಗಿದೆವು. ಮೂರನೆಯ ದಿನಕ್ಕೆ ಚರಂಡಿಯ ದುರ್ನಾತ ಮನೆಯೊಳಗೆ ಹಬ್ಬಿತು. ಗವಂಡಿಯನ್ನು ಜರೆದು ಬಾಕಿ ಕೂಲಿಯನ್ನು ತಡೆಹಿಡಿದೆವು.

ಆ ಬಟ್ಟಲಿನ ಅಂಚು ನಿಂತ ನೀರಿನಲ್ಲಿ ಮುಳುಗಿರುವುದರಿಂದಲೇ ಕೆಟ್ಟ ಗಾಳಿ ಮೇಲೇರದೆಂಬುದನ್ನು ತಡವಾಗಿ ತಿಳಿದೆವು. (ನೀರನ್ನೇ ಕದವಾಗಿಸುವ ಈ ಯುಕ್ತಿ ಹಳೆಯದು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗನು ಅಂಥ ಬಾಗುಕೊಳವೆಗೆ 1775ರಲ್ಲಿಯೇ ಪೇಟೆಂಟು ಪಡೆದಿದ್ದನು.)

ಹಾಗಾದರೆ ತಪ್ಪು ಯಾರದು? ಬಲ್ಲವನು ಇನ್ನೊಮ್ಮೆ ಹೇಳಬಹುದಿತ್ತೆಂದು ನಮ್ಮ ಮನಸ್ಸು ವಾದಿಸುತ್ತದೆ. ಕೂಲಿ ಕೊಡುವ ಕೈಯ ಎದುರಿಗೆ ಎರಡನೆಯ ಸಲ ಹೇಳುವ ಸ್ವಾತಂತ್ರ್ಯ ಅವನಿಗಿತ್ತೆ? ತರಗತಿಯಲ್ಲಿ ನಾವೊಮ್ಮೆ ಗದರಿದರೆ ಸರಿಯುತ್ತರ ಬಲ್ಲ ಹುಡುಗನೂ ಬಾಯಿ ಮುಚ್ಚುವನಲ್ಲವೆ? ಅರಿಯದಿರುವುದೇ ದೋಷವೆಂದು ಒಪ್ಪೆವು. ಒಪ್ಪಿದರೆ ಕಲಿಯುವವರೆಲ್ಲರೂ ಅಪರಾಧಿಗಳಾದಾರು. ಅರಿಯದೆಯೂ ಕೇಳದೆ ಅಪ್ಪಣೆ ಕೊಟ್ಟುದು ಬೇರೆಯ ಮಾತು.

ಬಟ್ಟಲು ಹಿತ್ತಿಲಿನ ಕಲ್ಲುಚೂರುಗಳಲ್ಲಿ ಸಿಕ್ಕಿತು. ಗವಂಡಿಯ ಓಣಿಗೆ ಹೋಗಿ ಬಾಕಿಯನ್ನು ಕೊಟ್ಟೆವು. ಅವನು ಎಣಿಸದೆ ಕಿಸೆಗಿಟ್ಟುಕೊಂಡು, "ಆ ಬಟ್ಟಲಾ ಒಗದಿಲ್ಲಲ್ಲರೀ?" ಎಂದು ಕೇಳಿದನು.