ಬೇಕೆಂದೇ ಸೋತರೆ ಅದು ಸುಳ್ಳೇ?



ಹೋದ ತಿಂಗಳು ಒಂದು ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ನಾವು ಯುವಜನರು ಗಂಟೆಗಟ್ಟಲೆ ವಾದ ಮಾಡುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ತಮಿಳು ಪೂಜೆಗೆ ಬಂದವರು ಜಗಳವೆಂದೇ ತಿಳಿದರಂತೆ. ಜಗಳವಲ್ಲ. ಎದುರಿಗಿರುವವರ ಮನಸ್ಸು ನೋಯಬಾರದೆಂದು ಆಟದಲ್ಲಿ ಬೇಕೆಂದೇ ಸೋತರೆ ಅದು ಪ್ರೀತಿಯೋ ಸುಳ್ಳೋ ಎಂಬುದಷ್ಟೇ ಪ್ರಶ್ನೆ.

ನಮ್ಮಲ್ಲಿ ಐದಾರು ಮಂದಿ ಹೊಸೂರಿನ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಕೆಳಗೆ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ ಒಂದು ಟೇಬಲ್ ಟೆನಿಸ್ ಮೇಜು ಇದೆ. ಒಂಬತ್ತು ಅಡಿ ಉದ್ದ, ಐದು ಅಡಿ ಅಗಲ. ಒಂದು ಮೂಲೆ ಮಳೆನೀರು ಕುಡಿದು ಉಬ್ಬಿಕೊಂಡಿದೆ. ಅಲ್ಲಿ ಬಿದ್ದ ಚೆಂಡು ಯಾವ ಕಡೆ ಹಾರುತ್ತದೆಂದು ನಾವು ಬಿಎಸ್ಸಿಯಲ್ಲಿ ಓದಿದ ಯಾವ ಸೂತ್ರವೂ ಹೇಳಲಾರದು. ಸಂಜೆ ಏಳರ ಮೇಲೆ ಆಟ. ತಮಾಷೆ, ಬೈಗುಳ ಎಲ್ಲ ತಮಿಳು, ಕನ್ನಡ, ತೆಲುಗು, ಹಿಂದಿಯಲ್ಲಿ. ಸ್ಕೋರ್ ಮಾತ್ರ ಇಂಗ್ಲಿಷ್. ಅಂಪೈರ್ ಇಲ್ಲ. ಚೆಂಡು ಮೇಜಿನ ಮೇಲಂಚಿಗೆ ತಗುಲಿದರೆ ಪಾಯಿಂಟ್ ಉಂಟು, ಅಂಚಿನ ಕೆಳಗಿನ ಪಕ್ಕಕ್ಕೆ ತಗುಲಿದರೆ ಇಲ್ಲ. ಆ ಕೂದಲೆಳೆಯ ವ್ಯತ್ಯಾಸ ಹತ್ತಿರ ನಿಂತವನಿಗೆ ಮಾತ್ರ ಕಾಣುವುದು. ಅವನು ಹೇಳಿದ್ದೇ ತೀರ್ಪು.

ಎರಡನೇ ಮಹಡಿಯಲ್ಲಿ ಒಬ್ಬರು ತಾತ ಇದ್ದಾರೆ. ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು, ಹರೆಯದಲ್ಲಿ ಚೆನ್ನಾಗಿ ಆಡುತ್ತಿದ್ದವರು. 2001ರಲ್ಲಿ ಒಂದು ಗೇಮ್ 21 ಪಾಯಿಂಟಿನಿಂದ 11ಕ್ಕೆ ಇಳಿದದ್ದನ್ನು ಅವರು ಇವತ್ತಿಗೂ ಕ್ಷಮಿಸಿಲ್ಲ. "21 ಇದ್ದಾಗ ಬಿದ್ದವನಿಗೆ ಏಳೋಕೆ ಟೈಮ್ ಇರ್ತಿತ್ತು ಕಣ್ರಪ್ಪಾ" ಎನ್ನುತ್ತಾರೆ. ಈಗ ಮಂಡಿನೋವು. ಬ್ಯಾಕ್‌ಹ್ಯಾಂಡ್ ಕಡೆ ಹಾಕಿದರೆ ತಿರುಗಲಾರರು. ಅವರ ಹೆಂಡತಿ ತೀರಿಕೊಂಡ ಮೇಲೆ ಈ ಒಂದು ಗಂಟೆಗಾಗಿಯೇ ಅವರು ಕೆಳಗೆ ಇಳಿದು ಬರುವುದು. ನಮಗೆ ಕನಿಕರವಾಯಿತು. 9-9 ಆದಾಗ ನಾವು ಎರಡು ಚೆಂಡನ್ನು ನೆಟ್ಟಿಗೆ ಹೊಡೆಯತೊಡಗಿದೆವು. ಮೂರು ವಾರ ಹೀಗೇ ನಡೆಯಿತು. ನಾಲ್ಕನೇ ವಾರ ಅವರು ಬ್ಯಾಟನ್ನು ಮೇಜಿನ ಮೇಲಿಟ್ಟು, "ಬ್ಯಾಕ್‌ಸ್ಪಿನ್ ಚೆಂಡನ್ನ ಸಂಜೆಯೆಲ್ಲ ಎತ್ತಿ ಹೊಡೆದೋನಿಗೆ 9-9ರಲ್ಲಿ ಅದು ಮರೆತುಹೋಗುತ್ತಾ? ನನ್ನ ಕೈಲಾಗಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?" ಎಂದು ಕೇಳಿ ಮೇಲೆ ಹೋದರು. ಹತ್ತು ದಿನ ಇಳಿದು ಬರಲಿಲ್ಲ.

ಜಗಲಿಯ ವಾದ ಶುರುವಾದದ್ದು ಇದರಿಂದ. ನಮ್ಮಲ್ಲೊಬ್ಬರು, "ಬಾಯಿಂದ ನಾವು ಏನನ್ನೂ ಹೇಳಲಿಲ್ಲವಲ್ಲ, ಸುಳ್ಳು ಎಲ್ಲಿ ಬಂತು?" ಎಂದರು. 13ನೇ ಶತಮಾನದ ಸಂತ ಥಾಮಸ್ ಅಕ್ವೀನಾಸರು ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದಾರೆ: ಮಾತಿನಿಂದ ಮಾತ್ರವಲ್ಲ, ಮಾಡುವ ಕೆಲಸದಿಂದಲೂ ಸುಳ್ಳು ಹೇಳಬಹುದು. (ಅದೇ ಗ್ರಂಥದಲ್ಲಿ ಅವರು, ಮನಸ್ಸಿಗೆ ವಿಶ್ರಾಂತಿಯಾಗಿ ಆಟ ಬೇಕು, ಆಡದೆ ಆಡುವವರಿಗೂ ಅಡ್ಡಿಯಾಗುವುದು ತಪ್ಪು ಎಂದೂ ಬರೆದಿದ್ದಾರೆ. ಪರೀಕ್ಷೆಯ ಹೊತ್ತಿನಲ್ಲಿ ನಮ್ಮನ್ನು ಗದರುವ ತಂದೆತಾಯಿಯರು ದಯವಿಟ್ಟು ಗಮನಿಸಿ.) ಅವರಿಗಿಂತ ಎಂಟು ಶತಮಾನಕ್ಕೂ ಹಿಂದಿನ ಸಂತ ಅಗಸ್ಟೀನರದು ಇನ್ನೂ ಬಿಗಿಯಾದ ಮಾತು. ಒಳ್ಳೆಯ ಉದ್ದೇಶವಿದ್ದರೂ ಸುಳ್ಳು ಸುಳ್ಳೇ.

ಹಾಗಾದರೆ ಟೇಬಲ್ ಟೆನಿಸ್ ಎಂಬ ಆಟವೇ ಮೋಸವಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಸರ್ವ್ ಮಾಡುವಾಗ ಚೆಂಡನ್ನು ಎದುರಾಳಿಯ ಕಣ್ಣಿನಿಂದ ಮರೆಮಾಡಬಾರದು, ಆದರೆ ಅದಕ್ಕೆ ಕೊಟ್ಟ ಸ್ಪಿನ್ ಯಾವುದೆಂದು ಅವನು ತಪ್ಪು ತಿಳಿಯಲಿ ಎಂದೇ ಮಣಿಕಟ್ಟು ತಿರುಗಿಸುತ್ತೇವೆ. ಪ್ರಶ್ನೆ ಚೆನ್ನಾಗಿತ್ತು. ನಮಗೆ ತೋಚಿದ ಉತ್ತರ ಇದು: ಆ ಮೋಸಕ್ಕೆ ಇಬ್ಬರೂ ಒಪ್ಪಿದ್ದಾರೆ. ಇಬ್ಬರೂ ಗೆಲ್ಲಲು ಪ್ರಯತ್ನಿಸುತ್ತಾರೆ ಎಂಬ ಒಂದನ್ನು ಮಾತ್ರ ಯಾರೂ ಮೋಸಕ್ಕೆ ಬಿಟ್ಟುಕೊಟ್ಟಿಲ್ಲ. ನಾವು ಮುರಿದದ್ದು ಅದನ್ನೇ. ನಾಲ್ಕು ವರ್ಷದ ಮಗುವಿನ ಜೊತೆ ಅಪ್ಪ ಸೋಲುವುದು ಬೇರೆ. ಅಲ್ಲಿ ಇನ್ನೂ ಪಂದ್ಯವೇ ಹುಟ್ಟಿಲ್ಲ. ತಾತನನ್ನು ನಾವು ಆ ಮಗುವಿನ ಜಾಗದಲ್ಲಿ ಕೂರಿಸಿದ್ದೆವು. ಅವರಿಗೆ ನೋವಾದದ್ದು ಅದಕ್ಕೆ.

ಇಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ.

ನಮ್ಮ ವಾಚ್‌ಮನ್ ಅಣ್ಣ ತಳಿ ಕಡೆಯವರು. ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ. ಅವರ ಮಗ ಒಂಬತ್ತನೇ ತರಗತಿ. ಮೇಜಿನ ಹಿಂದಿನ ಗೋಡೆಗೆ 'ನಿವಾಸಿಗಳಿಗೆ ಮಾತ್ರ' ಎಂಬ ಕಾಗದ ಅಂಟಿಸಿದ್ದಾರೆ. ಕಾರುಗಳ ಕೆಳಗೆ ಉರುಳಿಹೋದ ಚೆಂಡನ್ನು ತೆವಳಿ ತಂದುಕೊಡುವವನು ಈ ಹುಡುಗನೇ. ಒಬ್ಬರು ಕಡಿಮೆಯಾದಾಗ ನಾವು ಅವನನ್ನೂ ಆಟಕ್ಕೆ ಕರೆಯುತ್ತಿದ್ದೆವು. ದೊಡ್ಡ ಮನಸ್ಸು ಮಾಡಿದೆವೆಂದೇ ನಮ್ಮ ಎಣಿಕೆ. ಚೆನ್ನಾಗಿ ಆಡುತ್ತಿದ್ದ, ಆದರೆ ಪ್ರತಿ ಸಲವೂ 11-8, 11-9ರಲ್ಲಿ ಸೋಲುತ್ತಿದ್ದ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವನು ಹೌಸ್‌ಕೀಪಿಂಗ್ ಹುಡುಗನ ಜೊತೆ ಆಡುವುದನ್ನು ನಾವು ಮೆಟ್ಟಿಲಿನಿಂದ ನೋಡಿದೆವು. ಆ ಫೋರ್‌ಹ್ಯಾಂಡ್ ನಮ್ಮಲ್ಲಿ ಯಾರಿಗೂ ಇಲ್ಲ. ಸಂಜೆ ಕೇಳಿದರೆ ತಲೆ ತಗ್ಗಿಸಿದ. ಕೊನೆಗೆ, "ಅಪ್ಪ ಹೇಳವ್ರೆ ಅಣ್ಣಾ, ಆಡು, ಆದ್ರೆ ಸೋತು ಬಾ ಅಂತ. ಗೆದ್ರೆ ನಾಳೆ ಕರೆಯಲ್ಲ ಅಂತ" ಎಂದ.

ಎರಡು ದಿನ ಮುಂಚೆಯಷ್ಟೇ ಜಗಲಿಯಲ್ಲಿ, ಬೇಕೆಂದೇ ಸೋಲುವುದು ಸುಳ್ಳು ಎಂದು ತೀರ್ಪು ಕೊಟ್ಟವರು ನಾವು. ಆ ತೀರ್ಪನ್ನು ಈ ಹುಡುಗನ ಮೇಲೆ ಹೇರಲು ನಮಗೆ ಬಾಯಿ ಬರಲಿಲ್ಲ.

1987ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಚೀನಾದ ಹೆ ಝಿಲಿ ಎಂಬ ಆಟಗಾರ್ತಿಗೆ ಸೆಮಿಫೈನಲ್‌ನಲ್ಲಿ ತಮ್ಮದೇ ತಂಡದ ಇನ್ನೊಬ್ಬಳಿಗೆ ಸೋಲಬೇಕೆಂದು ಆದೇಶವಾಗಿತ್ತು. ಆಕೆ ಸೋಲಲಿಲ್ಲ. ಗೆದ್ದು ಚಾಂಪಿಯನ್ ಆದಳು. ಮರುವರ್ಷ ಸೋಲ್ ಒಲಿಂಪಿಕ್ಸ್ ತಂಡದಲ್ಲಿ ಆಕೆಯ ಹೆಸರಿರಲಿಲ್ಲ. ಮುಂದೆ ಜಪಾನಿಗೆ ಹೋಗಿ ನೆಲೆಸಿ, 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಜಪಾನಿನ ಪರವಾಗಿ ಚಿನ್ನ ಗೆದ್ದಳು. ವಿಶ್ವ ಚಾಂಪಿಯನ್‌ಗೇ ನಿಜವಾಗಿ ಆಡಿದ್ದಕ್ಕೆ ಇಷ್ಟು ಬೆಲೆ ಬಿದ್ದರೆ, ಗೇಟಿನ ಪಕ್ಕದ ಕೋಣೆಯ ಹುಡುಗ ಏನು ಮಾಡಬೇಕಿತ್ತು?

ಮೇಲಿನಿಂದ ನೋಡಿದರೆ ಎರಡೂ ಒಂದೇ ಕೆಲಸ: 9-9ರಲ್ಲಿ ಚೆಂಡನ್ನು ನೆಟ್ಟಿಗೆ ಹೊಡೆಯುವುದು. ನಾವು ಹೊಡೆದಾಗ ನಮ್ಮ ಕೈಯಿಂದ ಏನೂ ಹೋಗಲಿಲ್ಲ; ನಿಜವಾಗಿ ಆಡಿದ್ದರೂ ಹೋಗುತ್ತಿರಲಿಲ್ಲ. ಅವನಿಗೆ ನಿಜ ಆಡಿದರೆ ಆಟವೇ ಹೋಗುತ್ತಿತ್ತು, ಅಪ್ಪನ ಕೆಲಸಕ್ಕೂ ಕುತ್ತು ಬರಬಹುದೆಂಬ ಭಯ. ಅವನ ಸೋಲನ್ನು ಸುಳ್ಳು ಎಂದು ಕರೆಯುವುದಾದರೂ ಅದರಲ್ಲಿ ದೊಡ್ಡ ಪಾಲು ಗೋಡೆಯ ಮೇಲಿನ ಆ ಕಾಗದದ್ದು. ಅದನ್ನು ಓದಿಯೂ ಓದದಂತೆ ಆಡಿದ ನಮ್ಮದು ಕೂಡ. ಪಾಪನಿವೇದನೆಗೆ ನಿಂತಾಗ ಹೇಳಿದ ಸುಳ್ಳುಗಳನ್ನು ಲೆಕ್ಕ ಹಾಕುತ್ತೇವೆ. ನಮ್ಮೆದುರು ನಿಜ ಹೇಳಲು ಯಾರು ಹೆದರುತ್ತಾರೆಂಬ ಲೆಕ್ಕವನ್ನು ನಾವು ಅಲ್ಲಿಯವರೆಗೆ ಹಾಕಿರಲಿಲ್ಲ.

ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಮಾತೆತ್ತಿದೆವು. "ಇವತ್ತು ಟೇಬಲ್ ಅಂತೀರಿ, ನಾಳೆ ಇನ್ನೇನು ಕೇಳ್ತೀರೋ" ಎಂದರು. ನಿರ್ವಹಣೆಯ ದುಡ್ಡು ಕೊಡುವವರು ನಾವು ಎಂದರು. ಆ ಮಾತು ಪೂರ್ತಿ ತಪ್ಪೂ ಅಲ್ಲ. ಇಪ್ಪತ್ನಾಲ್ಕು ಗಂಟೆಯೂ ಇಲ್ಲೇ ಇರುವವನು ನಿವಾಸಿಯಲ್ಲವೇ ಎಂದು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಕೆಲಸದವರ ಮಕ್ಕಳಿಗೆ ಭಾನುವಾರ ಮಧ್ಯಾಹ್ನ ಎರಡು ಗಂಟೆ ಕಾಲ ಆಡಲು ಅನುಮತಿ ಸಿಕ್ಕಿತು. ಕಾಗದ ಇನ್ನೂ ಗೋಡೆಯ ಮೇಲಿದೆ. ಇದನ್ನು ಗೆಲುವೆಂದು ಬರೆಯಲು ನಮಗೆ ಮನಸ್ಸಿಲ್ಲ.

ತಾತನ ಬಳಿ ಹೋಗಿ ಕ್ಷಮೆ ಕೇಳಿದೆವು. ಅವರು ಒಂದು ಕರಾರು ಹಾಕಿದರು: ಮೊದಲೇ ಐದು ಪಾಯಿಂಟ್ ಹೇಳಿ ಕೊಡಿ, ಆಮೇಲೆ ಒಂದನ್ನೂ ಬಿಡಬೇಡಿ. ಕ್ಲಬ್ಬುಗಳಲ್ಲಿ ಹ್ಯಾಂಡಿಕ್ಯಾಪ್ ಎನ್ನುವುದು ಇದನ್ನೇ. ಎಲ್ಲರೆದುರು ಹೇಳಿ ಕೊಟ್ಟದ್ದರಲ್ಲಿ ಮೋಸವಿಲ್ಲ, ಪಡೆದವರಿಗೆ ಅವಮಾನವೂ ಇಲ್ಲ. ಈಗ ಅವರು ಭಾನುವಾರ ಮಧ್ಯಾಹ್ನವೇ ಇಳಿಯುತ್ತಾರೆ, ಆ ಹುಡುಗನ ಜೊತೆ ಆಡಲು.

ಕಳೆದ ಭಾನುವಾರ 5-0ಯಿಂದ ಶುರುವಾದ ಆಟ 9-9ಕ್ಕೆ ಬಂತು. ಹುಡುಗನ ಸರ್ವ್. ಚೆಂಡು ನೆಟ್ಟಿಗೆ ಬಡಿದು ಅವನ ಕಡೆಯೇ ಬಿತ್ತು. ತಾತ ಬ್ಯಾಟ್ ಕೆಳಗಿಳಿಸಿ ಅವನ ಮುಖವನ್ನೇ ನೋಡಿದರು. "ಇಲ್ಲ ತಾತಾ, ನಿಜವಾಗ್ಲೂ ಹೋಯ್ತು" ಎಂದ. ಅವರು ಇನ್ನೂ ಸ್ವಲ್ಪ ಹೊತ್ತು ನೋಡಿ, ಚೆಂಡನ್ನು ಅವನತ್ತ ಉರುಳಿಸಿ, ಟೆನ್-ನೈನ್ ಎಂದರು.